ಸಣ್ಣ ಶಾಲೆ ಮುಚ್ಚಿದರೆ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ. ನಮ್ಮ ಶಾಲೆಯಲ್ಲಿ 38 ಮಕ್ಕಳಿದ್ದಾರೆ. ಎರಡೂವರೆ ಕಿಲೋಮೀಟರ್ ದೂರದ ಪಕ್ಕದ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 92 ಮಕ್ಕಳಿದ್ದಾರೆ. ಅನುದಾನ ಸಾಲದ ಈ ಕಾಲದಲ್ಲಿ ಎರಡನ್ನೂ ಒಂದು ಮಾಡಿದರೆ ಹಣ ಉಳಿಯುತ್ತದೆ, ಆ ಹಣದಲ್ಲಿ ಒಂದೇ ಒಳ್ಳೆಯ ಶಾಲೆ ನಡೆಸಬಹುದು ಎಂದು ಊರಿನ ಕೆಲವರ ವಾದ. ಶಾಲೆಯನ್ನು ಬಿಟ್ಟುಕೊಡಬಾರದು ಎಂದು ಉಳಿದವರ ಹಟ. ತಾವು ಏನು ಹೇಳುತ್ತೀರಿ?

ಉತ್ತರ: ನಿಮ್ಮ ಪತ್ರದಲ್ಲಿ ಮಕ್ಕಳ ಸಂಖ್ಯೆಯನ್ನು ಕೊಟ್ಟಿರುವುದು ಒಳ್ಳೆಯದಾಯಿತು, ಏಕೆಂದರೆ ಈ ಚರ್ಚೆಯಲ್ಲಿ ‘ಹಣ ಉಳಿಯುತ್ತದೆ’ ಎಂಬ ಮಾತು ಬರುತ್ತದೆಯೇ ಹೊರತು ಎಷ್ಟು ಉಳಿಯುತ್ತದೆ ಎಂದು ಯಾರೂ ಕೂತು ಲೆಕ್ಕ ಹಾಕುವುದಿಲ್ಲ. ನಾವು ಹಾಕಿ ನೋಡೋಣ.

ಸಮಗ್ರ ಶಿಕ್ಷಣ ಯೋಜನೆಯಡಿ, ಅಂದರೆ ಕೇಂದ್ರ 60 ಮತ್ತು ರಾಜ್ಯ 40ರ ಪಾಲಿನಲ್ಲಿ ಭರಿಸುವ ಯೋಜನೆಯಡಿ, ಶಾಲೆಯ ದಿನನಿತ್ಯದ ಖರ್ಚಿಗೆ ಒಟ್ಟಾಗಿ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂ., 100 ದಾಟಿ 250ರ ವರೆಗೆ 50,000 ರೂ. ನಿಮ್ಮ ಶಾಲೆಗೆ 25,000, ಪಕ್ಕದ ಊರಿನ ಶಾಲೆಗೆ 25,000. ಎರಡನ್ನೂ ಕೂಡಿಸಿದರೆ 130 ಮಕ್ಕಳಾಗುತ್ತಾರೆ, ಅನುದಾನ 50,000 ಆಗುತ್ತದೆ. ಈ ಬಾಬ್ತಿನಲ್ಲಿ ಸರ್ಕಾರಕ್ಕೆ ಉಳಿಯುವುದು ಸೊನ್ನೆ.

ಇನ್ನು ಶಿಕ್ಷಕರ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 91ರಿಂದ 120ರ ವರೆಗೆ ನಾಲ್ವರು, 121ರಿಂದ 200ರ ವರೆಗೆ ಐವರು ಶಿಕ್ಷಕರಿರಬೇಕು. ಈಗ ಎರಡೂ ಶಾಲೆಗೆ ಸೇರಿ ಆರು ಹುದ್ದೆ, ಒಂದುಗೂಡಿಸಿದ ಮೇಲೆ ಐದು. ಕಾಗದದ ಮೇಲೆ ಒಂದು ಹುದ್ದೆ ಉಳಿಯಿತು. ಆದರೆ ಆ ಶಿಕ್ಷಕರನ್ನು ಮನೆಗೆ ಕಳುಹಿಸುವುದಿಲ್ಲ. ಹೆಚ್ಚುವರಿ ಎಂದು ಗುರುತಿಸಿ ಬೇರೆ ಶಾಲೆಗೆ ಮರುಹೊಂದಾಣಿಕೆ ಮಾಡುತ್ತಾರೆ, ಸಂಬಳ ಖಜಾನೆಯಿಂದ ಹೋಗುತ್ತಲೇ ಇರುತ್ತದೆ. ಖಾಲಿ ಹುದ್ದೆಯಿರುವ ಇನ್ನೊಂದು ಶಾಲೆಗೆ ಒಬ್ಬ ಶಿಕ್ಷಕರು ಸಿಕ್ಕರು ಎಂಬುದು ನಿಜವಾದ ಲಾಭ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಿಸಿಯೂಟದ ಅಡುಗೆಯವರಲ್ಲಿಯೂ ನಾಲ್ವರ ಬದಲು ಮೂವರು ಸಾಕಾಗುತ್ತಾರೆ, ಅಂದರೆ ನಿಮ್ಮದೇ ಊರಿನ ಒಬ್ಬ ಹೆಣ್ಣುಮಗಳ ಸಣ್ಣ ಗೌರವಧನ ನಿಲ್ಲುತ್ತದೆ.

ಈಗ ಖರ್ಚಿನ ಕಡೆ ಬನ್ನಿ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ಎರಡೂವರೆ ಕಿಲೋಮೀಟರ್ ಕಳುಹಿಸುವುದಾದರೆ ವಾಹನದ ವ್ಯವಸ್ಥೆ ಆಗಬೇಕು. ಸಮಗ್ರ ಶಿಕ್ಷಣದಲ್ಲಿ ಇದಕ್ಕೆ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 6,000 ರೂ. ಕೊಡಲು ಅವಕಾಶವಿದೆ. 38 ಮಕ್ಕಳಿಗೆ ಆ ದರದಲ್ಲಿ 2,28,000 ರೂ. ಆಗುತ್ತದೆ. ಇದು ನಿಮ್ಮ ಶಾಲೆಯ ಒಂಬತ್ತು ವರ್ಷದ ಸಂಯುಕ್ತ ಅನುದಾನಕ್ಕಿಂತ ಹೆಚ್ಚು. ಸರ್ಕಾರ ಈ ಹಣ ಕೊಟ್ಟರೆ ಕೈಗೆ ಬಂದ ಉಳಿತಾಯ ಅಲ್ಲಿಯೇ ಕರಗುತ್ತದೆ, ಕೊಡದಿದ್ದರೆ ಅದು ಕೂಲಿ ಮಾಡುವ ತಂದೆತಾಯಿಯ ತಲೆಯ ಮೇಲೆ ಬೀಳುತ್ತದೆ. ಬಜೆಟ್ಟಿನ ಪುಸ್ತಕದಲ್ಲಿ ಕಾಣದ ಖರ್ಚನ್ನು ಖರ್ಚೇ ಅಲ್ಲ ಎಂದು ಭಾವಿಸುವ ಈ ರೀತಿಗೆ ನನ್ನ ಬಲವಾದ ವಿರೋಧವಿದೆ.

ತೊಗರಿ ಕಟಾವಿನ ದಿನಗಳನ್ನು ನೆನೆಯಿರಿ. ತಾಯಿ ನಸುಕಿನಲ್ಲಿಯೇ ಹೊಲಕ್ಕೆ ಹೋಗಿರುತ್ತಾಳೆ. ನಾಲ್ಕನೇ ತರಗತಿಯ ಹುಡುಗಿ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಶಾಲೆಗೆ ಬರುತ್ತಾಳೆ, ಮಧ್ಯಾಹ್ನ ಬಿಸಿಯೂಟದ ಗಂಟೆಯಲ್ಲಿ ಓಡಿಹೋಗಿ ಅವನನ್ನು ಅಜ್ಜಿಯ ಬಳಿ ಕೂರಿಸಿ, ಮರಳಿ ಗಣಿತದ ಅವಧಿಗೆ ಬಂದು ಕೂರುತ್ತಾಳೆ. ಶಾಲೆ ಊರೊಳಗಿರುವುದರಿಂದ ಮಾತ್ರ ಇದು ಸಾಧ್ಯ. ಶಾಲೆ ಹಳ್ಳದ ಆಚೆ ಹೋದರೆ ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಬಹುದು, ಆಕೆ ಬರಲಾರಳು. ಕಾಗಿಣಾ ನದಿಯ ಸುತ್ತಲಿನ ಊರುಗಳಲ್ಲಿ ಮಳೆಗಾಲದ ಹಳ್ಳ ದಾಟುವ ಕಷ್ಟ ನಿಮಗೇ ಗೊತ್ತು.

ಹಾಗಾದರೆ ಐದು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಕಲಿಕೆ ಹೇಗೆ ಎಂದು ನಿಮ್ಮ ಊರಿನ ಇನ್ನೊಂದು ಪಂಗಡದವರು ಕೇಳುವುದು ನ್ಯಾಯವಾಗಿಯೇ ಇದೆ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರಿಸಿ ಕಲಿಸುವ ನಲಿ-ಕಲಿ ಪದ್ಧತಿ ಇಂಥ ಶಾಲೆಗೆ ಹೊಂದುತ್ತದೆ. ಒಬ್ಬರು ನಲಿ-ಕಲಿ ನೋಡಿಕೊಂಡು ಇನ್ನೊಬ್ಬರು ನಾಲ್ಕು ಮತ್ತು ಐದನ್ನು ನೋಡಿಕೊಂಡರೆ ಶಾಲೆ ನಡೆಯುತ್ತದೆ. ನಡೆಯದಿರುವುದು ಇಬ್ಬರಲ್ಲಿ ಒಬ್ಬರನ್ನು ನಿಯೋಜನೆಯ ಮೇಲೆ ಬೇರೆಡೆಗೆ ಕಳುಹಿಸಿದಾಗ, ಅಥವಾ ಕಚೇರಿಯ ಮಾಹಿತಿ ತುಂಬುವ ಕೆಲಸಕ್ಕೆ ಕೂರಿಸಿದಾಗ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಜಿಲ್ಲೆ ಮಾಡಬಹುದಾದ ಮೊದಲ ಕೆಲಸ ನಿಯೋಜನೆಗಳನ್ನು ರದ್ದು ಮಾಡಿ ಶಿಕ್ಷಕರನ್ನು ಅವರವರ ಶಾಲೆಗೆ ಕಳುಹಿಸುವುದು. ಎರಡನೆಯದು, ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ನಾಲ್ಕಾರು ಶಾಲೆಗಳಿಗೆ ಒಬ್ಬ ದೈಹಿಕ ಶಿಕ್ಷಕರು, ಒಬ್ಬ ಇಂಗ್ಲಿಷ್ ಶಿಕ್ಷಕರು ವಾರದ ದಿನಗಳನ್ನು ಹಂಚಿಕೊಂಡು ಹೋಗುವ ವ್ಯವಸ್ಥೆ. ಮಕ್ಕಳು ನಡೆಯುವುದಕ್ಕಿಂತ ಶಿಕ್ಷಕರು ಮೋಟರ್ ಸೈಕಲ್ ಮೇಲೆ ಹೋಗಿಬರುವುದು ಸುಲಭ.

ವಿಲೀನವೇ ಕೂಡದು ಎಂಬ ಪಕ್ಷ ನನ್ನದಲ್ಲ. ಒಂದೇ ಆವರಣದಲ್ಲಿ ಇಬ್ಬರು ಮುಖ್ಯ ಗುರುಗಳು, ಎರಡು ದಾಖಲೆ, ಎರಡು ಅಡುಗೆ ಕೋಣೆ ಇಟ್ಟುಕೊಂಡು ನಡೆಯುವ ಶಾಲೆಗಳನ್ನು ಕೂಡಿಸಲಿ, ಯಾವ ಮಗುವೂ ಒಂದು ಹೆಜ್ಜೆ ಹೆಚ್ಚು ನಡೆಯುವುದಿಲ್ಲ. ಆದರೆ ನಮ್ಮ ಕಲಬುರಗಿ, ಬೀದರ್ ಕಡೆ ಕನ್ನಡ, ಉರ್ದು, ಮರಾಠಿ ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲಿಯೇ ಇರುವುದರಿಂದ ಬರಿಯ ಅಂತರ ನೋಡಿ ಪಟ್ಟಿ ಮಾಡಿದರೆ ಅನಾಹುತವಾಗುತ್ತದೆ.

ನಿಮ್ಮ ಸಮಿತಿಗೆ ಒಂದು ದಾರಿ ಶಿಕ್ಷಣ ಹಕ್ಕು ಕಾಯ್ದೆಯಲ್ಲಿಯೇ ಇದೆ. 22ನೇ ಕಲಮಿನ ಪ್ರಕಾರ ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಸಮಿತಿಯ ಕೆಲಸ, ಅನುದಾನಕ್ಕೆ ಅದೇ ಆಧಾರವಾಗಬೇಕು. ಮೇಲಿನ ಲೆಕ್ಕವನ್ನು ಆ ಯೋಜನೆಯಲ್ಲಿ ಬರೆದು, ಠರಾವು ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಗ್ರಾಮ ಪಂಚಾಯಿತಿಗೂ ಕೊಡಿ.

ಪ್ರಶ್ನೆ: ಕಲ್ಯಾಣ ಕರ್ನಾಟಕ ಮಂಡಳಿಗೆ ಸಾವಿರಾರು ಕೋಟಿ ಬರುತ್ತಿರುವಾಗ ಶಾಲೆಗೆ ಹಣವಿಲ್ಲ ಎಂಬ ಮಾತೇ ಏಕೆ? ಮತ್ತು ಕಾಯಂ ಶಿಕ್ಷಕರ ಬದಲು ಅತಿಥಿ ಶಿಕ್ಷಕರಿಂದಲೇ ನಡೆಸಿದರೆ ಉಳಿತಾಯವಾಗುವುದಿಲ್ಲವೇ? (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ರಚನೆಯಾದ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ರೂ. ಘೋಷಣೆಯಾಗಿದ್ದು ನಿಜ. ಆದರೆ ಇಂಥ ಹಣ ಕಾಮಗಾರಿಯ ಕಡೆಗೆ ಬೇಗ ಹರಿಯುತ್ತದೆ. ಕೋಣೆ ಕಟ್ಟಬಹುದು, ಉದ್ಘಾಟನೆಯ ಕಲ್ಲು ನೆಡಬಹುದು. ಶಾಲೆಯನ್ನು ಹಿಂಡುತ್ತಿರುವುದು ದಿನದಿನದ ಖರ್ಚು: ಶೌಚಾಲಯ ತೊಳೆಯುವವರ ಕೂಲಿ, ಸೋರುವ ಮಾಳಿಗೆಗೆ ಮಳೆಗೆ ಮುಂಚೆ ಹಾಕಬೇಕಾದ ಗಿಲಾವು, ಕೆಟ್ಟ ಮೋಟರ್. 25,000 ರೂ. ಅನುದಾನದಲ್ಲಿ ಸ್ವಚ್ಛತೆಗೆಂದು ಕಡ್ಡಾಯವಾಗಿ ತೆಗೆದಿಡಬೇಕಾದ ಕನಿಷ್ಠ ಪಾಲು ಶೇ 10, ಅಂದರೆ ವರ್ಷಕ್ಕೆ 2,500 ರೂ., ತಿಂಗಳಿಗೆ 210 ರೂ. ಕೂಡ ಇಲ್ಲ. ಅದೂ ಜೂನ್ ತಿಂಗಳಲ್ಲಿ ಬೇಕಾದದ್ದು ಮಾರ್ಚ್‌ನಲ್ಲಿ ಖಾತೆಗೆ ಬಿದ್ದರೆ ಊಟಕ್ಕಿಲ್ಲದ ಉಪ್ಪಿನಕಾಯಿ. ಆದ್ದರಿಂದ ಜಿಲ್ಲೆಯ ಮಟ್ಟದಲ್ಲಿ ಕೇಳಬೇಕಾದದ್ದು ಹೊಸ ಕಮಾನು, ಹೊಸ ಸ್ಮಾರ್ಟ್ ಬೋರ್ಡುಗಳನ್ನು ಒಂದೆರಡು ವರ್ಷ ಮುಂದೂಡಿ, ಇರುವ ಕೋಣೆಗಳ ದುರಸ್ತಿ ಮತ್ತು ನಿರ್ವಹಣೆಗೆ ಮೊದಲ ಪಾಲು ಕೊಡಿ ಎಂದು.

ಅತಿಥಿ ಶಿಕ್ಷಕರ ಗೌರವಧನವನ್ನು 2025-26ರ ಬಜೆಟ್ಟಿನಲ್ಲಿ 2,000 ರೂ. ಹೆಚ್ಚಿಸಿದ ಮೇಲೆಯೂ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000 ರೂ. ಮಾತ್ರ. ಕಾಯಂ ಶಿಕ್ಷಕರ ಸಂಬಳದ ಪಕ್ಕದಲ್ಲಿಟ್ಟರೆ ಉಳಿತಾಯ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಪ್ರತಿ ವರ್ಷ ಹೊಸದಾಗಿ ನೇಮಿಸಿಕೊಳ್ಳಬೇಕಾದ, ಬೇಸಿಗೆಯಲ್ಲಿ ಗೌರವಧನವಿಲ್ಲದ, ಇನ್ನೂ ಸ್ವಲ್ಪ ಹೆಚ್ಚು ಸಿಕ್ಕರೆ ಅನಿವಾರ್ಯವಾಗಿ ಬಿಟ್ಟುಹೋಗುವ ಯುವಕ ಯುವತಿಯರ ಮೇಲೆ ಒಂದು ಜಿಲ್ಲೆಯ ಶಿಕ್ಷಣವನ್ನು ಹೊರಿಸುವುದು ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು ಶೇ 51.83, ರಾಜ್ಯದಲ್ಲಿಯೇ ಅತಿ ಕಡಿಮೆ. ಎಲ್ಲರಿಗಿಂತ ಹಿಂದೆ ಇರುವ ಜಿಲ್ಲೆಗೆ ಎಲ್ಲರಿಗಿಂತ ಅಗ್ಗದ ವ್ಯವಸ್ಥೆ ಸಾಕು ಎಂಬ ವಾದವನ್ನು ನಾನು ಒಪ್ಪಲಾರೆ. ಖಾಲಿ ಹುದ್ದೆ ತುಂಬುವವರೆಗಿನ ತಾತ್ಕಾಲಿಕ ಏರ್ಪಾಡಾಗಿ ಅತಿಥಿ ಶಿಕ್ಷಕರು ಇರಲಿ, ಅವರಿಗೆ ತಿಂಗಳು ತಿಂಗಳು ತಪ್ಪದೆ ಗೌರವಧನ ಸಿಗಲಿ, 371(ಜೆ) ಅಡಿಯ ಸ್ಥಳೀಯ ಮೀಸಲಾತಿಯಲ್ಲಿ ಕಾಯಂ ನೇಮಕಾತಿ ನಡೆಯುತ್ತಲಿರಲಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರತಿ ಮನೆಯಿಂದ ತಿಂಗಳಿಗೆ ನೂರು ರೂಪಾಯಿ ಕೂಡಿಸೋಣ ಎಂಬ ಸಲಹೆ ಬಂದಿದೆ. ತಪ್ಪೇನು? (ಔರಾದ್, ಬೀದರ್ ಜಿಲ್ಲೆ)

ಉತ್ತರ: 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯೇ ಇದೇ ಮೊತ್ತದ ದೇಣಿಗೆಗೆ ಅವಕಾಶ ಕೊಡುವ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಹೆಸರಿಗೆ ಸ್ವಇಚ್ಛೆ ಎಂದಿದ್ದರೂ, ಪಟ್ಟಿ ಓದುವಾಗ ಕೊಡದವರ ಮಗು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಉಳ್ಳವರು, ಹಳೆಯ ವಿದ್ಯಾರ್ಥಿಗಳು ಕೊಡುವುದಾದರೆ ರಸೀದಿ ಪಡೆದು ಸಮಿತಿಯ ಖಾತೆಗೆ ಹಾಕಲಿ, ಖರ್ಚಿನ ವಿವರವನ್ನು ಶಾಲೆಯ ಗೋಡೆಯ ಮೇಲೆ ಅಂಟಿಸಿ. ಮನೆಗಿಷ್ಟು ಎಂದು ಹಾಕುವುದು ಬೇಡ. ಕಾಂಪೌಂಡ್, ಅಡುಗೆ ಕೋಣೆ, ಆಟದ ಮೈದಾನದಂಥ ಕೆಲಸಗಳಿಗೆ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಜಾಗವಿದೆ. ಅದು ತಯಾರಾಗುವ ಮೊದಲಿನ ಗ್ರಾಮಸಭೆಗೆ ತಾಯಂದಿರನ್ನು ಕರೆದುಕೊಂಡು ಹೋಗಿ ಶಾಲೆಯ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.