ದೀಪ ಹಾಕಿದರೆ ಮೀಟರ್ ಮುಳ್ಳು ಏರುವುದೇಕೆ?

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ಹಳೆಯ ಡೀಸೆಲ್ ಪಿಕಪ್. ನಸುಕಿನಲ್ಲಿ ಟೊಮೆಟೊ ಹೇರಿಕೊಂಡು ಕೋಲಾರದ ಮಾರುಕಟ್ಟೆಗೆ ಹೊರಡುವಾಗ, ಹೆಡ್‌ಲೈಟ್ ಹಾಕಿದೊಡನೆ ಡೀಸೆಲ್ ಮುಳ್ಳು ಮತ್ತು ಎಂಜಿನ್ ಬಿಸಿಯ ಮುಳ್ಳು ಎರಡೂ ಒಟ್ಟಿಗೆ ಮೇಲೇರುತ್ತವೆ. ದೀಪ ಆರಿಸಿದರೆ ನಿಧಾನವಾಗಿ ಇಳಿಯುತ್ತವೆ. ಬಲಬದಿಯ ಇಂಡಿಕೇಟರ್ ಹಾಕಿದಾಗ ಅದೇ ಬದಿಯ ಹಿಂದಿನ ಕೆಂಪು ದೀಪವೂ ಮಿಣುಕುತ್ತದೆ. ಮೀಟರ್ ಬೋರ್ಡನ್ನೇ ಬದಲಿಸಬೇಕೆಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ. ಇದನ್ನು ನಾನೇ ಸರಿಪಡಿಸಿಕೊಳ್ಳಬಹುದೇ?
– ಓದುಗರು, ಕೋಲಾರ ಜಿಲ್ಲೆ

ಉತ್ತರ: ಸರಿಪಡಿಸಿಕೊಳ್ಳಬಹುದು, ಮೀಟರ್ ಬೋರ್ಡಿಗೆ ಈಗಲೇ ಹಣ ಹಾಕಬೇಡಿ. ಎರಡು ಮುಳ್ಳುಗಳು ಒಂದೇ ಹೊತ್ತಿಗೆ ಕೆಡುವುದು ಅಪರೂಪ. ಅವು ದೀಪದ ಜೊತೆಗೇ ಏರಿ ಇಳಿಯುತ್ತಿರುವುದರಿಂದ ದೋಷವು ಬಹುಮಟ್ಟಿಗೆ ಅರ್ತ್ ಸಂಪರ್ಕದಲ್ಲಿದೆ, ಅಂದರೆ ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಮರಳುವ ದಾರಿಯಲ್ಲಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಮೊದಲು, ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ನೀರು ಮತ್ತು ಫ್ಯಾನ್ ಬೆಲ್ಟ್ ನೋಡಿಕೊಳ್ಳಿ. ಎಂಜಿನ್ ನಿಜಕ್ಕೂ ಕಾಯುತ್ತಿದ್ದು, ನೀವು ವೈರಿಂಗ್ ಹುಡುಕುತ್ತ ಕುಳಿತರೆ ನಷ್ಟ ದೊಡ್ಡದಾಗುತ್ತದೆ.

ಪಿಕಪ್‌ನ ಕ್ಯಾಬಿನ್ ಸಾಮಾನ್ಯವಾಗಿ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ ರಬ್ಬರ್ ಬುಷ್‌ಗಳ ಮೇಲೆ ಕೂತಿರುತ್ತದೆ. ಆದ್ದರಿಂದ ಕ್ಯಾಬಿನ್‌ಗೆ ಅರ್ತ್ ಮಾಡಿರುವ ದೀಪ, ಮೀಟರುಗಳ ಕರೆಂಟು ಬ್ಯಾಟರಿಗೆ ಮರಳಲು ಒಂದೆರಡು ಜಡೆತಂತಿ (ತಾಮ್ರದ ಎಳೆಗಳನ್ನು ಹೆಣೆದ ಪಟ್ಟಿ) ಅಥವಾ ಕೇಬಲ್‌ಗಳೇ ಮುಖ್ಯ ದಾರಿ. ಹೆಡ್‌ಲೈಟ್‌ನ ಎರಡು ಬಲ್ಬುಗಳು 55–60 ವ್ಯಾಟಿನವಾದರೆ ಸುಮಾರು 10 ಆಂಪಿಯರ್ ಕರೆಂಟು ಎಳೆಯುತ್ತವೆ. ಜಡೆತಂತಿಯ ಬೋಲ್ಟಿನಲ್ಲಿ ತುಕ್ಕು ಹಿಡಿದು ಕೇವಲ 0.1 ಓಮ್ ತಡೆ ಹುಟ್ಟಿದರೂ ಅಲ್ಲಿಯೇ 1 ವೋಲ್ಟ್ ಉಳಿದುಬಿಡುತ್ತದೆ. ಹಳೆಯ ಗಾಡಿಗಳಲ್ಲಿ ಎರಡೂ ಮೀಟರುಗಳಿಗೆ ಏರುಪೇರಿಲ್ಲದ ವೋಲ್ಟೇಜ್ ಕೊಡಲು ಬೋರ್ಡಿನ ಹಿಂದೆ ಒಂದು ಪುಟ್ಟ ಸ್ಟೆಬಿಲೈಸರ್ ಇರುವುದುಂಟು. ಅದರ ಅರ್ತ್ ಹೀಗೆ ಸೊನ್ನೆ ವೋಲ್ಟಿನಿಂದ ಮೇಲೆದ್ದರೆ, ಎಂಜಿನ್ನಿಗೂ ಟ್ಯಾಂಕಿಗೂ ಕೂರಿಸಿದ ಸೆನ್ಸರ್‌ಗಳ ಮೂಲಕ ಹರಿಯುವ ಕರೆಂಟು ಹೆಚ್ಚಾಗಿ, ಎರಡೂ ಮುಳ್ಳುಗಳು ಒಟ್ಟಿಗೆ ಏರುತ್ತವೆ.

ಇದನ್ನು ಊಹಿಸುವ ಬದಲು ಅಳೆದೇ ನೋಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಹೆಡ್‌ಲೈಟ್ ಉರಿಯುತ್ತಿರುವಾಗ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಡ್ಯಾಶ್‌ಬೋರ್ಡಿನ ಕೆಳಗಿನ, ಬಣ್ಣವಿಲ್ಲದ ಕಬ್ಬಿಣಕ್ಕೂ ತಾಗಿಸಿ. 0.2 ವೋಲ್ಟಿಗಿಂತ ಕಡಿಮೆ ಇದ್ದರೆ ಸಮಾಧಾನ. ಅರ್ಧ ವೋಲ್ಟ್ ದಾಟಿದರೆ ದೋಷ ಸಿಕ್ಕಂತೆ. ಆಗ ದೀಪ ಆರಿಸಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಜಡೆತಂತಿಯ ಎರಡೂ ತುದಿಗಳನ್ನು ಬಿಚ್ಚಿ ನೋಡಿರಿ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಬೋಲ್ಟಿನ ಅಡಿಯಲ್ಲಿ ಹಸಿರು ಪುಡಿ, ತಾಮ್ರದ ಎಳೆಗಳು ಅರ್ಧಕ್ಕರ್ಧ ಕಡಿದುಹೋಗಿರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಎಮೆರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಎಳೆ ಕಡಿದಿದ್ದರೆ ಹೊಸ ಜಡೆತಂತಿ ಹಾಕಿ, ಬಿಗಿ ಮಾಡಿದ ಮೇಲೆ ನೀರು ಇಳಿಯದಂತೆ ಗ್ರೀಸ್ ಸವರಿ.

ಹಿಂದಿನ ಕೆಂಪು ದೀಪ ಮಿಣುಕುವುದೂ ಅದೇ ಜಾತಿಯ ರೋಗ, ಆದರೆ ಬೇರೆ ಜಾಗದ್ದು. ಆ ದೀಪದ ಡಬ್ಬಿಯ ಅರ್ತ್ ತಂತಿಯನ್ನು ಅದೇ ರೀತಿ ಶುಚಿ ಮಾಡಿದರೆ ಸಾಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಈ ನಡುವೆ ಫ್ಯೂಸ್ ಹೋದರೆ ಅದರ ಜಾಗಕ್ಕೆ ಸಿಗರೇಟಿನ ಬೇಗಡೆಯನ್ನಾಗಲಿ ಹೆಚ್ಚು ಆಂಪಿಯರಿನ ಫ್ಯೂಸನ್ನಾಗಲಿ ಹಾಕಬೇಡಿ. ಫ್ಯೂಸಿನ ಬದಲು ವೈರು ಕಾದು ಕ್ಯಾಬಿನ್ನಿಗೇ ಬೆಂಕಿ ಹತ್ತಬಹುದು.

ಇಷ್ಟಾದ ಮೇಲೂ ಡೀಸೆಲ್ ಮುಳ್ಳೊಂದೇ ತಪ್ಪು ತೋರಿಸುತ್ತಿದ್ದರೆ, ಟ್ಯಾಂಕಿನ ಸೆನ್ಸರ್‌ಗೆ ಬರುವ ಮೀಟರ್ ವೈರನ್ನು ಬಿಡಿಸಿ ಇಗ್ನಿಷನ್ ಹಾಕಿ. ಮುಳ್ಳು ಒಂದು ಕೊನೆಗೆ ಹೋಗಬೇಕು. ಟ್ಯಾಂಕಿನ ಬಾಯಿಂದ ದೂರದಲ್ಲಿ, 5 ವ್ಯಾಟಿನ ಬಲ್ಬಿನ ಮೂಲಕ ಆ ವೈರನ್ನು ಚಾಸಿಗೆ ತಾಗಿಸಿ ಅರ್ಧ ನಿಮಿಷ ಕಾದರೆ ಅದು ಇನ್ನೊಂದು ಕೊನೆಯತ್ತ ಸರಿಯಬೇಕು. ಹೀಗೆ ಎರಡೂ ಕಡೆ ಓಡಾಡಿದರೆ ಮೀಟರ್ ಚೆನ್ನಾಗಿದೆ ಎಂದರ್ಥ. ಆಗ ದೋಷ ಟ್ಯಾಂಕಿನೊಳಗಿನ ತೇಲುಬುರುಡೆಯ ಸೆನ್ಸರಿನಲ್ಲೋ ಅದರ ಅರ್ತ್ ಸಂಪರ್ಕದಲ್ಲೋ ಇರುತ್ತದೆ.