28 ಕೋರ್ ಇದ್ದರೂ 6 ಕೋರ್ ಮುಂದೆ ಸೋತಿದ್ದೇಕೆ?

ಪ್ರಶ್ನೆ: ನನ್ನ ಹತ್ತಿರ ಒಂದು ಹಳೆಯ ಸರ್ವರ್ ಇದೆ. ಅದರಲ್ಲಿ ಎರಡು ಇಂಟೆಲ್ ಝಿಯಾನ್ ಇ5-2680 ವಿ4 ಪ್ರೊಸೆಸರ್, ಒಟ್ಟು 28 ಕೋರ್ (ಲೆಕ್ಕ ಮಾಡುವ ಘಟಕ). ಗೆಳೆಯನ ಡೆಸ್ಕ್‌ಟಾಪ್‌ನಲ್ಲಿ ಇರುವುದು ಎಎಂಡಿ ರೈಜನ್ 5 7600, ಬರೀ 6 ಕೋರ್. ಆದರೂ ಗೇಮ್, ಫೋಟೊ ಎಡಿಟಿಂಗ್, ಬ್ರೌಸರ್ ಎಲ್ಲದರಲ್ಲೂ ಅವನದೇ ಚುರುಕು. ನನ್ನ ಮಷಿನ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ನೀವು ಅದಕ್ಕೆ ಕೊಡುತ್ತಿರುವ ಕೆಲಸ ಅದಕ್ಕೆ ಒಗ್ಗುವಂಥದ್ದಲ್ಲ, ಅಷ್ಟೇ.

ಮೊದಲು ಒಂದೊಂದೇ ಕೋರ್ ನೋಡೋಣ. ನಿಮ್ಮ ಝಿಯಾನ್ 2016ರದ್ದು. ಒಂದೆರಡು ಕೋರ್ ಮಾತ್ರ ದುಡಿಯುವಾಗ ಅದು ಗರಿಷ್ಠ 3.3 ಗಿಗಾಹರ್ಟ್ಸ್ (ಸೆಕೆಂಡಿಗೆ 330 ಕೋಟಿ ಬಡಿತ) ಮುಟ್ಟುತ್ತದೆ. ಎಲ್ಲ ಕೋರ್‌ಗಳೂ ದುಡಿಯತೊಡಗಿದರೆ ಇನ್ನೂ ಕೆಳಗಿಳಿಯುತ್ತದೆ. ಗೆಳೆಯನ ರೈಜನ್ 2023ರದ್ದು, 5.1 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಗಿಗಾಹರ್ಟ್ಸ್ ಒಂದೇ ಅಲ್ಲ, ಹೊಸ ಕೋರ್ ಪ್ರತಿ ಬಡಿತಕ್ಕೂ ಜಾಸ್ತಿ ಕೆಲಸ ಮುಗಿಸುತ್ತದೆ. ಎರಡೂ ಸೇರಿದರೆ ಕೋರ್‌ಗೆ ಕೋರ್ ಹೋಲಿಸಿದಾಗ ಅವನದು ಹೆಚ್ಚುಕಡಿಮೆ ಎರಡು ಪಟ್ಟು ವೇಗ.

‘ಆದರೂ 28 ಇವೆಯಲ್ಲ’ ಅನ್ನುತ್ತೀರಿ. ಸರಿ, ಲೆಕ್ಕ ಹಾಕೋಣ. ನಿಮ್ಮ ಒಂದು ಕೋರ್‌ಗೆ 100 ನಿಮಿಷ ಹಿಡಿಯುವ ಕೆಲಸ ಇದೆ ಎಂದುಕೊಳ್ಳಿ. ಅದರಲ್ಲಿ 80 ನಿಮಿಷದ್ದನ್ನು ಹಂಚಿಕೊಂಡು ಮಾಡಬಹುದು. ಉಳಿದ 20 ನಿಮಿಷದ್ದು ಒಂದರ ಹಿಂದೆ ಒಂದು ಆಗಲೇಬೇಕು, ಎಷ್ಟು ಕೋರ್ ಇದ್ದರೂ ಒಂದೇ ಕೋರ್ ಮಾಡಬೇಕು. ನಿಮ್ಮ ಸರ್ವರ್‌ನಲ್ಲಿ ಆ 80 ನಿಮಿಷ 28 ಕೋರ್‌ಗಳಿಗೆ ಹಂಚಿಹೋಗಿ ಮೂರು ನಿಮಿಷದ ಒಳಗೆ ಮುಗಿಯುತ್ತದೆ. ಅದಕ್ಕೆ 20 ಸೇರಿಸಿ: ಸುಮಾರು 23 ನಿಮಿಷ. ರೈಜನ್‌ನಲ್ಲಿ ಹಂಚುವ ಭಾಗಕ್ಕೆ ಸುಮಾರು 7 ನಿಮಿಷ, ಹಂಚಲಾಗದ್ದಕ್ಕೆ 10, ಒಟ್ಟು 17. ಆರು ಕೋರ್ ಗೆದ್ದಿತು, ಅಲ್ವಾ? 27 ಕೋರ್‌ಗಳು ಸುಮ್ನೆ ಕೂತು ಒಂದನ್ನು ಕಾಯುತ್ತಿದ್ದವು. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ. ಆಮ್ಡಾಲ್ ನಿಯಮ ಎಂದೇ ಅದಕ್ಕೆ ಹೆಸರು.

ಈಗ ಇನ್ನೊಂದು ಮಗ್ಗುಲು. ಕೆಲಸ ಪೂರ್ತಿ ಹಂಚುವಂಥದ್ದಾದರೆ ನಿಮಗೆ ನಾಲ್ಕು ನಿಮಿಷದಷ್ಟು, ಅವನಿಗೆ ಎಂಟರ ಮೇಲೆ. ಸಾವಿರಾರು ಚಿಕ್ಕ ಫೈಲ್‌ಗಳ ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವುದು (ಮಷಿನ್‌ಗೆ ಅರ್ಥವಾಗುವ ರೂಪಕ್ಕೆ ತರುವುದು), ಮೂರು ಆಯಾಮದ ಚಿತ್ರ ರೆಂಡರ್ ಮಾಡುವುದು, ಒಂದೇ ಮಷಿನ್‌ನಲ್ಲಿ ಹತ್ತಾರು ವರ್ಚುವಲ್ ಮಷಿನ್ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಓಡಿಸುವುದು ಈ ಜಾತಿಯವು. ಗೇಮ್ ಅಲ್ಲ. ಅಲ್ಲಿ ಒಂದೆರಡು ಥ್ರೆಡ್‌ಗಳ, ಅಂದರೆ ಸಾಲಾಗಿ ಸಾಗುವ ಕೆಲಸದ ಎಳೆಗಳ, ಮೇಲೇ ಭಾರ ಜಾಸ್ತಿ. ಜೊತೆಗೆ ನಿಮ್ಮ ಎರಡು ಪ್ರೊಸೆಸರ್‌ಗಳಿಗೂ ಬೇರೆ ಬೇರೆ ರ್‍ಯಾಮ್ ಇದೆ. ಒಂದು ಇನ್ನೊಂದರ ರ್‍ಯಾಮ್‌ನಿಂದ ಓದಬೇಕಾದರೆ ನಡುವಿನ ದಾರಿ ದಾಟಿ ಹೋಗಬೇಕು, ಅಲ್ಲೂ ತಡ.

ಹಳೆಯದಾದ್ದರಿಂದ ಹೀಗಾಯಿತು ಅನ್ನಿಸಬಹುದು. ಅರ್ಧ ಮಾತ್ರ ನಿಜ. 2022ರಲ್ಲೇ ಬಂದ ಎಎಂಡಿಯ ಎರಡು ಪ್ರೊಸೆಸರ್ ತೆಗೆದುಕೊಳ್ಳಿ. ಡೆಸ್ಕ್‌ಟಾಪ್‌ನ ರೈಜನ್ 9 7950ಎಕ್ಸ್‌ನಲ್ಲಿ 16 ಕೋರ್, ಸರ್ವರ್‌ನ ಎಪಿಕ್ 9654ರಲ್ಲಿ 96. ಎರಡರಲ್ಲೂ ಜೆನ್ 4 ಎಂಬ ಒಂದೇ ವಿನ್ಯಾಸದ ಕೋರ್‌ಗಳೇ. ಎಂಟು ಕೋರ್‌ನ ಚಿಕ್ಕ ಚಿಪ್‌ಗಳು ಒಂದರಲ್ಲಿ ಎರಡು, ಇನ್ನೊಂದರಲ್ಲಿ ಹನ್ನೆರಡು. ಆದರೂ ಮೊದಲನೆಯದು 5.7 ಗಿಗಾಹರ್ಟ್ಸ್ ಮುಟ್ಟಿದರೆ ಎರಡನೆಯದು 3.7ಕ್ಕೆ ನಿಲ್ಲುತ್ತದೆ. ಮುಖ್ಯ ಕಾರಣ ವಿದ್ಯುತ್ತು ಮತ್ತು ಬಿಸಿ. ಡೆಸ್ಕ್‌ಟಾಪ್‌ನದು 170 ವ್ಯಾಟ್‌ನ ಚಿಪ್, ಸರ್ವರ್‌ನದು 360. ಕೋರ್‌ಗಳಿಗೆ ಹಂಚಿ ನೋಡಿ: ಅಲ್ಲಿ ಒಂದೊಂದಕ್ಕೆ ಹತ್ತು ವ್ಯಾಟ್‌ಗೂ ಜಾಸ್ತಿ, ಇಲ್ಲಿ ನಾಲ್ಕೂ ಇಲ್ಲ. ಗಿಗಾಹರ್ಟ್ಸ್ ಏರಿದಷ್ಟೂ ಕೊನೆಕೊನೆಯ ಚೂರು ವೇಗಕ್ಕೆ ವಿಪರೀತ ವಿದ್ಯುತ್ತು ಬೇಕು. ಸರ್ವರ್ ಮಾಡುವವರು ಆ ಚೂರನ್ನು ಬಿಟ್ಟು ಕೋರ್ ಕೂಡಿಸುತ್ತಾರೆ. ನನ್ನ ಪ್ರಕಾರ ಅದು ಜಾಣತನ, ಸಾವಿರ ಜನ ಒಟ್ಟಿಗೆ ಬಂದು ಕೇಳುವ ಕಡೆ ಒಬ್ಬನಿಗೆ ಕ್ಷಣದ ಸಾವಿರದಲ್ಲೊಂದು ಭಾಗ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಎಪಿಕ್‌ಗೆ ರ್‍ಯಾಮ್ ಚಾನೆಲ್ (ಡೇಟಾ ಓಡಾಡುವ ದಾರಿ) 12, ರೈಜನ್‌ಗೆ 2. ದೊಡ್ಡ ಡೇಟಾಬೇಸ್ ಓಡಿಸುವವರು ಗಿಗಾಹರ್ಟ್ಸ್‌ಗಿಂತ ಮೊದಲು ನೋಡುವುದೇ ಇದನ್ನು.

ಹೋಲಿಸುವಾಗ ಒಂದೇ ಅಂಕ ನೋಡಬೇಡಿ. ಪ್ರೊಸೆಸರ್‌ಗಳನ್ನು ಅಳೆಯುವ ಸ್ಪೆಕ್ ಸಿಪಿಯು 2017 ಪರೀಕ್ಷೆಯಲ್ಲಿ ‘ಸ್ಪೀಡ್’, ‘ರೇಟ್’ ಎಂದು ಎರಡು ಬಗೆ ಇವೆ. ಒಂದು ಕೆಲಸ ಎಷ್ಟು ಬೇಗ ಮುಗಿಯಿತು ಅನ್ನುವುದು ಮೊದಲನೆಯದು. ಇಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಮುಗಿಯಿತು ಅನ್ನುವುದು ಎರಡನೆಯದು. ನೀವು ಗೆಳೆಯನ ಜೊತೆ ಹೋಲಿಸಿಕೊಂಡದ್ದು ಮೊದಲನೆಯ ಅಳತೆಯಲ್ಲಿ. ಬಹುಶಃ ಸರ್ವರ್ ತಂದದ್ದು ಎರಡನೆಯದನ್ನು ನಂಬಿ.

ಪ್ರಶ್ನೆ: ಡೆಸ್ಕ್‌ಟಾಪ್ ಪ್ರೊಸೆಸರನ್ನು ಹಗಲೂ ರಾತ್ರಿ ಓಡಿಸಿದರೆ ಬೇಗ ಹಾಳಾಗುತ್ತದಾ? ಮನೆಯ ಫೈಲ್‌ಗಳಿಗೆ ಚಿಕ್ಕ ಸರ್ವರ್ ಮಾಡಬೇಕು.

ಉತ್ತರ: ಗಾಳಿ ಚೆನ್ನಾಗಿ ಆಡುತ್ತಿದ್ದರೆ ಆ ಭಯ ಬೇಡ. ಫೈಲ್ ಕೊಡುವ ಕೆಲಸದಲ್ಲಿ ಪ್ರೊಸೆಸರ್ ಬಹುಪಾಲು ಹೊತ್ತು ನಿದ್ದೆಯಲ್ಲೇ ಇರುತ್ತದೆ. ನೀವು ಯೋಚಿಸಬೇಕಾದದ್ದು ರ್‍ಯಾಮ್ ಬಗ್ಗೆ. ಸರ್ವರ್‌ಗಳಲ್ಲಿ ಇಸಿಸಿ ರ್‍ಯಾಮ್ ಇರುತ್ತದೆ. ಒಂದು ಬಿಟ್ ತಾನಾಗಿ ತಿರುಗಿಬಿದ್ದರೆ ಅದು ಕಂಡುಹಿಡಿದು ಸರಿಮಾಡುತ್ತದೆ. ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲೂ ಇಸಿಸಿ ನಡೆಯುತ್ತದೆ, ಕೊಳ್ಳುವ ಮೊದಲು ಬೋರ್ಡ್‌ನ ಕೈಪಿಡಿ ನೋಡಿ. ಆದರೆ ಹಳೆ ಸರ್ವರ್‌ನಿಂದ ಕಿತ್ತ, ಸರ್ವರ್‌ಗೆಂದೇ ಮಾಡಿದ ರಿಜಿಸ್ಟರ್ಡ್ ರ್‍ಯಾಮ್ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವುದಿಲ್ಲ. ಹಾಗಂತ ಇಡೀ ಹಳೆ ಸರ್ವರನ್ನೇ ತರುವ ಮನಸ್ಸಾದರೆ, ಅದರ ಫ್ಯಾನ್ ಸದ್ದು ಒಮ್ಮೆ ಕೇಳಿಸಿಕೊಂಡು ಬನ್ನಿ.