999 ಒತ್ತಬೇಡಿ: ಪ್ಯಾನಾಸೋನಿಕ್ 824ರಲ್ಲಿ ಮೊದಲು ನೋಡಬೇಕಾದ್ದು

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸೊಸೈಟಿ ಆಫೀಸಲ್ಲಿ ಪ್ಯಾನಾಸೋನಿಕ್ ಕೆಎಕ್ಸ್-ಟಿಇಎಸ್824 ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಮಷೀನು) ಇದೆ, ಹೊರಗಿನ ಲೈನ್ 3, ಒಳಗೆ 8 ಫೋನ್. ಯಾವ ಕರೆ ಬಂದರೂ ಎಂಟೂ ಫೋನ್ ಒಟ್ಟಿಗೆ ರಿಂಗ್ ಆಗುತ್ತವೆ. ಲೆಕ್ಕಪತ್ರ ವಿಭಾಗದ ಎರಡು ಫೋನಿಂದ ಮೊಬೈಲಿಗೆ ಕರೆ ಹೋಗಲ್ಲ. ಸಂಜೆ ಆಫೀಸ್ ಮುಚ್ಚಿದ ಮೇಲೆ ವಾಚ್‌ಮನ್ ಫೋನ್ ರಿಂಗ್ ಆಗಲ್ಲ. ರೆಕಾರ್ಡ್ ಮಾಡಿದ ಸ್ವಾಗತ ಹಾಕಿರುವ ಲೈನ್ 2 ಆಗಾಗ ಯಾರೂ ಮಾತಾಡದೆಯೇ ಬಿಜಿ ಆಗಿ ಕೂರುತ್ತೆ. ಎಲ್ಲಾ ಅಳಿಸಿ ಹೊಸದಾಗಿ ಪ್ರೋಗ್ರಾಮ್ ಮಾಡಿಬಿಡಲೇ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಈ ಮಷೀನಿನಲ್ಲಿ ಒಂದೊಂದು ಸೆಟ್ಟಿಂಗಿಗೂ ಮೂರಂಕಿಯ ಪ್ರೋಗ್ರಾಮ್ ಸಂಖ್ಯೆ ಇದೆ. 999 ಅಂದರೆ ಸಿಸ್ಟಮ್ ಡೇಟಾ ಕ್ಲಿಯರ್. ಅದನ್ನು ಒತ್ತಿದರೆ ಎಕ್ಸ್‌ಟೆನ್ಷನ್ ಸಂಖ್ಯೆ, ಸ್ಪೀಡ್ ಡಯಲ್, ಎಸ್‌ಟಿಡಿ ಬೀಗ ಎಲ್ಲಾ ಹೋಗಿ ಮಷೀನು ಫ್ಯಾಕ್ಟರಿಯಿಂದ ಬಂದ ಹಾಗೆ ಆಗುತ್ತೆ. ಫ್ಯಾಕ್ಟರಿ ಸ್ಥಿತಿಯಲ್ಲಿ ಎಲ್ಲ ಲೈನೂ ಎಲ್ಲ ಜಾಕಿನಲ್ಲೂ (ಒಳಗಿನ ಫೋನ್ ಹಾಕುವ ಕಿಂಡಿ) ರಿಂಗ್ ಆಗೋದೇ ಇರೋದು. ಅಂದರೆ ನಿಮ್ಮ ಮೊದಲನೇ ದೂರು ಹಾಗೇ ಉಳಿಯುತ್ತೆ, ಸರಿಯಾಗಿದ್ದದ್ದೂ ಕೆಡುತ್ತೆ. ನೀವು ಹೇಳಿದ ನಾಲ್ಕು ತೊಂದರೆಯಲ್ಲಿ ಮೂರು ಬರೀ ಪಟ್ಟಿ ತುಂಬಿದ್ದರಲ್ಲಿ ಆಗಿರುವ ತಪ್ಪು. ನಾಲ್ಕನೆಯದು ಮಾತ್ರ ಎಕ್ಸ್‌ಚೇಂಜಿಗೂ ಮಷೀನಿಗೂ ನಡುವಿನ ವಿಷಯ.

ಒಳಗೆ ಹೋಗುವ ದಾರಿ ಮೊದಲು. ಪ್ರೋಗ್ರಾಮಿಂಗ್ ಆಗೋದು ಜಾಕ್ 01ರಲ್ಲಿ ಹಾಕಿದ ಡಿಸ್‌ಪ್ಲೇ ಇರುವ ಕೀ ಫೋನಿಂದ, ಸಾಮಾನ್ಯವಾಗಿ ಪ್ಯಾನಾಸೋನಿಕ್ಕಿನದೇ ಟಿ7730. ಮಾಮೂಲಿ ಫೋನಿಗೆ ಎರಡು ತಂತಿ ಸಾಕು, ಕೀ ಫೋನಿಗೆ ನಾಲ್ಕು ಬೇಕು: ಮಧ್ಯದ ಎರಡು ಮಾತಿಗೆ, ಹೊರಗಿನ ಎರಡು ಡೇಟಾಗೆ. ಡಿಸ್‌ಪ್ಲೇ ಖಾಲಿ ಇದ್ದರೆ ಫೋನ್ ಕೆಟ್ಟಿದೆ ಅನ್ನುವ ಮೊದಲು ರೋಸೆಟ್ (ಗೋಡೆಯ ಮೇಲಿನ ಫೋನ್ ಡಬ್ಬಿ) ಬಿಚ್ಚಿ ಹೊರಗಿನ ಜೋಡಿ ನೋಡಿ. ರಿಸೀವರ್ ಕೆಳಗೇ ಇರಲಿ. ಪ್ರೋಗ್ರಾಮ್ ಕೀ, ಆಮೇಲೆ * ಮತ್ತು #, ಆಮೇಲೆ 1234. ಇದು ಕಂಪನಿ ಪಾಸ್‌ವರ್ಡ್. ಕೆಲಸ ಮುಗಿದ ಮೇಲೆ 002ರಲ್ಲಿ ಬದಲಾಯಿಸಿ, ಹೊಸದನ್ನು ಮಷೀನಿನ ಕವರ್ ಒಳಗಲ್ಲ, ಕಾರ್ಯದರ್ಶಿಗಳ ಫೈಲಿನಲ್ಲಿ ಬರೆದಿಡಿ.

ಜನ ಎಡವೋದು ಇಲ್ಲೇ: ಪ್ರೋಗ್ರಾಮ್ ಮೋಡಿನಲ್ಲಿ ಕೀಗಳ ಅರ್ಥವೇ ಬದಲಾಗುತ್ತೆ. ಫೋನಿನ ಜೊತೆ ಬರುವ ಪ್ಲಾಸ್ಟಿಕ್ ಓವರ್‌ಲೇ ಹಾಳೆ ಎಷ್ಟೋ ಕಡೆ ಕಳೆದುಹೋಗಿರುತ್ತೆ. ಅದಿಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ: ಎಸ್‌ಪಿ-ಫೋನ್ ಅಂದರೆ ನೆಕ್ಸ್ಟ್, ರೀಡಯಲ್ ಅಂದರೆ ಹಿಂದಿನದು, ಆಟೋ ಆನ್ಸರ್ ಅಂದರೆ ಸೆಲೆಕ್ಟ್, ಆಟೋ ಡಯಲ್ ಅಂದರೆ ಸ್ಟೋರ್, ಟ್ರಾನ್ಸ್‌ಫರ್ ಅಂದರೆ ಕ್ಲಿಯರ್, ಹೋಲ್ಡ್ ಅಂದರೆ ಎಂಡ್. ಸ್ಟೋರ್ ಒತ್ತಿದಾಗ ಒಂದು ಬೀಪ್ ಬಂದರೆ ಒಪ್ಪಿಕೊಂಡಿದೆ. ಮೂರು ಬೀಪ್ ಬಂದರೆ ತಳ್ಳಿಹಾಕಿದೆ, ಹಳೆಯದೇ ಉಳಿದಿದೆ. ಸ್ಟೋರ್ ಮಾಡದೆ ನೆಕ್ಸ್ಟ್ ಒತ್ತಿ ಮುಂದೆ ಹೋದರೂ ಬದಲಾವಣೆ ಉಳಿಯಲ್ಲ. "ಸೆಟ್ ಮಾಡಿದ್ದೆ, ಆದರೂ ಆಗಲಿಲ್ಲ" ಅನ್ನುವ ದೂರು ಬಹಳ ಸಲ ಇಷ್ಟೇ.

ಈಗ ಒಂದು ಹಾಳೆ ತಗೊಳ್ಳಿ. ಎಡಗಡೆ ಜಾಕ್ 01ರಿಂದ 08. ಮೇಲೆ ಲೈನ್ 1, 2, 3. ಇಂಥವು ಮೂರು ಬರೆಯಿರಿ: ಹಗಲು, ರಾತ್ರಿ, ಊಟದ ಹೊತ್ತು. ಪ್ರತಿ ಜಾಕಿನ ಪಕ್ಕ ಅದರ ಎಕ್ಸ್‌ಟೆನ್ಷನ್ ಸಂಖ್ಯೆಯನ್ನೂ ಬರೆಯಿರಿ. ಇದು ಮುಖ್ಯ, ಯಾಕಂದರೆ ಪ್ರೋಗ್ರಾಮ್ ಕೇಳೋದು ಜಾಕ್ ಸಂಖ್ಯೆ, ಎಕ್ಸ್‌ಟೆನ್ಷನ್ ಸಂಖ್ಯೆಯಲ್ಲ. ಜಾಕ್ 05 ಮೊದಲಿಗೆ 105 ಆಗಿದ್ದರೂ ಹಿಂದೆ ಯಾರೋ 009ರಲ್ಲಿ ಅದನ್ನು 110 ಮಾಡಿರಬಹುದು. ಹಾಗಿದ್ದಾಗ "105ರ ರಿಂಗ್ ತೆಗೆದೆ" ಅಂತ ನೀವು ಅಂದುಕೊಂಡರೆ ಬೇರೆ ಯಾರದೋ ಮೇಜಿನ ರಿಂಗ್ ಹೋಗಿರುತ್ತೆ.

ಒಳಬರುವ ಕರೆಗೆ ಮೊದಲು ಓದಬೇಕಾದ್ದು 408, ಅಂದರೆ ಹಗಲಿನ ರಿಂಗ್ ಪಟ್ಟಿ ಅಲ್ಲ, 414. ಹಗಲು ಲೈನ್ ಯಾವ ಮೋಡಿನಲ್ಲಿದೆ ಅಂತ 414 ಹೇಳುತ್ತೆ, ರಾತ್ರಿಗೆ 415, ಊಟದ ಹೊತ್ತಿಗೆ 416. ನಾರ್ಮಲ್ ಅಂತಿದ್ದರೆ ಮಾತ್ರ ರಿಂಗ್ ಪಟ್ಟಿ ಕೆಲಸ ಮಾಡುತ್ತೆ. ಡಿಐಎಲ್ ಅಂತಿದ್ದರೆ ಆ ಲೈನ್ ನೇರ ಒಂದೇ ಫೋನಿಗೆ ಹೋಗುತ್ತೆ. ಡಿಸಾ ಅಂತಿದ್ದರೆ ಮಷೀನೇ ಎತ್ತಿ ಸ್ವಾಗತ ಹೇಳುತ್ತೆ. ಲೈನ್ ಡಿಐಎಲ್‌ನಲ್ಲಿದ್ದಾಗ 408ರಲ್ಲಿ ಎಷ್ಟು ಬದಲಾಯಿಸಿದರೂ ಫಲವಿಲ್ಲ.

ನಿಮ್ಮಲ್ಲಿ ಲೈನ್ 1 ಮತ್ತು 3 ನಾರ್ಮಲ್ ಇರಲೇಬೇಕು, ಇಲ್ಲದಿದ್ದರೆ ಎಂಟೂ ಫೋನ್ ಬಡಿದುಕೊಳ್ಳುತ್ತಿರಲಿಲ್ಲ. ಲೈನ್ 1ನ್ನು ಜಾಕ್ 05ರಿಂದ ತೆಗೆಯೋದಾದರೆ: ಒಳಗೆ ಹೋಗಿ 408, ನೆಕ್ಸ್ಟ್, ಪರದೆ ಕೇಳಿದಂತೆ ಲೈನ್ 1, ಜಾಕ್ 05. ಎನೇಬಲ್ ಅಂತ ತೋರಿಸುತ್ತೆ. ಸೆಲೆಕ್ಟ್ ಒತ್ತಿದರೆ ಡಿಸೇಬಲ್ ಆಗುತ್ತೆ. ಸ್ಟೋರ್. ಬೀಪ್ ಕೇಳಿಸಿಕೊಳ್ಳಿ. ಎಲ್ಲ ಜಾಕಿಗೂ ಒಂದೇ ಸಲ ಮಾಡಬೇಕಾದಾಗ ಜಾಕ್ ಸಂಖ್ಯೆಯ ಜಾಗದಲ್ಲಿ * ಒತ್ತಿ. ಮೊದಲು * ಹಾಕಿ ಎಲ್ಲವನ್ನೂ ಡಿಸೇಬಲ್ ಮಾಡಿ, ಆಮೇಲೆ ಬೇಕಾದ ಒಂದೆರಡನ್ನು ಎನೇಬಲ್ ಮಾಡೋದು ಬೇಗ ಮುಗಿಯುತ್ತೆ. ಆದರೆ ಆ ನಡುವೆ ಬಂದ ಕರೆ ಎಲ್ಲೂ ರಿಂಗ್ ಆಗಲ್ಲ, ಆದ್ದರಿಂದ ಕೌಂಟರ್ ತೆರೆಯುವ ಮೊದಲೇ ಮಾಡಿ.

ಸೊಸೈಟಿಗೆ ನನ್ನ ಸಲಹೆ: ಎರಡು ಮೇಜಿನಲ್ಲಿ ತಕ್ಷಣ ರಿಂಗ್, ಮೂರನೆಯದರಲ್ಲಿ ತಡವಾಗಿ ರಿಂಗ್. ಅದಕ್ಕೆ 411 ಇದೆ, ತಕ್ಷಣ, 5, 10 ಅಥವಾ 15 ಸೆಕೆಂಡ್. ವ್ಯವಸ್ಥಾಪಕರ ಫೋನಿಗೆ 15 ಸೆಕೆಂಡ್ ಕೊಟ್ಟರೆ ಕೌಂಟರಿನವರು ಎತ್ತದ ಕರೆ ಮಾತ್ರ ಅವರಿಗೆ ಕೇಳಿಸುತ್ತೆ. ಎಲ್ಲರಿಗೂ ರಿಂಗ್ ಕೊಡುವ ಆಫೀಸಿನಲ್ಲಿ ಯಾರೂ ಫೋನ್ ಎತ್ತಲ್ಲ, ಪಕ್ಕದವರು ಎತ್ತುತ್ತಾರೆ ಅಂತ ಎಲ್ಲರೂ ಸುಮ್ಮನಿರುತ್ತಾರೆ.

ವಾಚ್‌ಮನ್ ವಿಷಯಕ್ಕೆ ಬರೋಣ. 408 ಹಗಲಿನದು ಮಾತ್ರ. ರಾತ್ರಿಗೆ 409, ಊಟದ ಹೊತ್ತಿಗೆ 410. ವಾಚ್‌ಮನ್ ಜಾಕ್ 409ರಲ್ಲಿ ಎನೇಬಲ್ ಇದೆಯಾ, ಮತ್ತು 415ರಲ್ಲಿ ಆ ಲೈನ್ ನಾರ್ಮಲ್ ಇದೆಯಾ ನೋಡಿ. ಎರಡೂ ಸರಿ ಇದ್ದರೆ ಮಷೀನು ರಾತ್ರಿ ಮೋಡಿಗೆ ಹೋಗುತ್ತಲೇ ಇಲ್ಲ. 006ರಲ್ಲಿ ಬದಲಾವಣೆ ಆಟೋ ಇರಬೇಕು. ಮ್ಯಾನುಯಲ್ ಇದ್ದರೆ ಯಾರಾದರೂ ಕೈಯಿಂದ ಬದಲಾಯಿಸುವ ತನಕ ಹಗಲಾಗಿಯೇ ಇರುತ್ತೆ. 007ರಲ್ಲಿ ವಾರದ ಒಂದೊಂದು ದಿನಕ್ಕೂ ಸಮಯ ಬೇರೆ. ಗಡಿಯಾರ 12 ಗಂಟೆಯದು, ಎಎಂ-ಪಿಎಂ ಆಯ್ಕೆ ಬೇರೆಯಾಗಿ ಮಾಡಬೇಕು. 6:00 ಅಂತ ಹಾಕಿ ಎಎಂ ಹಾಗೇ ಬಿಟ್ಟರೆ ರಾತ್ರಿ ಮೋಡ್ ಶುರುವಾಗೋದು ಬೆಳಗ್ಗೆ ಆರಕ್ಕೆ! ಹಾಗೆಯೇ 000ರಲ್ಲಿ ದಿನಾಂಕ, ಸಮಯ ಸರಿ ಇದೆಯಾ ನೋಡಿ. ಎರಡನೇ, ನಾಲ್ಕನೇ ಶನಿವಾರದ ರಜೆ ಮಷೀನಿಗೆ ಗೊತ್ತಿಲ್ಲ. ಅವತ್ತು ಆಪರೇಟರ್ ಫೋನಿಂದ ಕೈಯಾರೆ ರಾತ್ರಿ ಮೋಡಿಗೆ ಹಾಕಿ ಹೋಗಬೇಕು, ಮುಂದಿನ ಕೆಲಸದ ದಿನ ಮಷೀನು ಹಗಲು ಮೋಡಿಗೆ ಬಂದಿದೆಯಾ ಅಂತ ನೋಡೋದನ್ನೂ ಮರೆಯಬಾರದು.

ಈಗ ಮೊಬೈಲಿಗೆ ಕರೆ ಹೋಗದ ಎರಡು ಫೋನ್. ಮೊದಲು ಸರಿ ಇರುವ ಒಂದು ಫೋನನ್ನು ತಂದು ಆ ಜಾಕಿಗೆ ಹಾಕಿ ನೋಡಿ. ಅದರಲ್ಲೂ ಹೋಗದಿದ್ದರೆ ತಪ್ಪು ಫೋನಿನದಲ್ಲ, ಕ್ಲಾಸಿನದು, ಅಂದರೆ ಆ ಜಾಕಿನಿಂದ ಯಾವ ಕರೆ ಹೋಗಬಹುದು ಅನ್ನುವ ದರ್ಜೆಯದು. 601ರಲ್ಲಿ ಪ್ರತಿ ಜಾಕಿಗೆ ಹಗಲಿನ ಕ್ಲಾಸ್ 1ರಿಂದ 5 ಇರುತ್ತೆ, 602 ರಾತ್ರಿ, 603 ಊಟದ ಹೊತ್ತು. ಕ್ಲಾಸ್ 1ಕ್ಕೆ ಯಾವ ತಡೆಯೂ ಇಲ್ಲ. 2ರಿಂದ 5ರ ತಡೆ ಪಟ್ಟಿಗಳು ಕ್ರಮವಾಗಿ 302, 303, 304, 305ರಲ್ಲಿವೆ, ಮತ್ತು ಅವು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಕ್ಲಾಸ್ 3ರ ಫೋನಿಗೆ 302ರ ತಡೆಯೂ ಅನ್ವಯ, 303ರದ್ದೂ ಅನ್ವಯ. ಆದ್ದರಿಂದ 303 ಖಾಲಿ ಇದ್ದರೂ ಕರೆ ನಿಲ್ಲಬಹುದು.

ಬಹುಶಃ ಆ ಪಟ್ಟಿಯಲ್ಲಿ ಬರೀ "0" ಅಂತ ಕೂತಿದೆ. ಹಳೇ ಕಾಲದಲ್ಲಿ ಎಸ್‌ಟಿಡಿ ಬೀಗ ಅಂದರೆ ಸೊನ್ನೆ ತಡೆಯೋದು, ಅಷ್ಟೇ. ಅದು ಆಗ ಸರಿ ಇತ್ತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಕರೆ ಮಾಡೋಕೆ ಮುಂದೆ 0 ಹಾಕಲೇಬೇಕು. ಅವತ್ತಿನಿಂದ ಸೊನ್ನೆ ತಡೆದ ಫೋನುಗಳಿಗೆ ಮೊಬೈಲೂ ನಿಂತುಹೋಯಿತು.

"0" ತೆಗೆದು "00" ಹಾಕಿ. ಐಎಸ್‌ಡಿ (ವಿದೇಶದ ಕರೆ) ನಿಲ್ಲುತ್ತೆ, ಇದು ಕ್ಲಾಸ್ 2ರಲ್ಲೇ ಇರಲಿ. ಎಸ್‌ಟಿಡಿಯನ್ನೂ ತಡೆಯಬೇಕಾದರೆ ಕ್ಲಾಸ್ 3ರಲ್ಲಿ 01, 02, 03, 04, 05 ಹಾಕಬಹುದು. ಮೊಬೈಲ್ ಸಂಖ್ಯೆ ಶುರುವಾಗೋದು 6, 7, 8, 9ರಿಂದ, ಹಾಗಾಗಿ ಅವಕ್ಕೆ ತೊಂದರೆಯಿಲ್ಲ, ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್ ನಿಲ್ಲುತ್ತವೆ. ಆದರೆ ನಮ್ಮ ರಾಜ್ಯದ ಕೋಡುಗಳೆಲ್ಲ 08ರವು: ಬೆಂಗಳೂರು 080, ಮೈಸೂರು 0821, ಮಂಗಳೂರು 0824, ಹುಬ್ಬಳ್ಳಿ 0836, ಶಿವಮೊಗ್ಗ 08182. 080 ತಡೆದರೆ 80ರಿಂದ ಶುರುವಾಗುವ ಮೊಬೈಲೂ ನಿಲ್ಲುತ್ತೆ, ಯಾಕಂದರೆ ಸೊನ್ನೆ ಬಿಟ್ಟು ಎರಡೂ ಹತ್ತೇ ಅಂಕಿ, ಮಷೀನಿಗೆ ವ್ಯತ್ಯಾಸ ಗೊತ್ತಾಗಲ್ಲ. ಈಗಿನ ಪ್ಲಾನುಗಳಲ್ಲಿ ಹೆಚ್ಚಿನವು ದೇಶದೊಳಗಿನ ಕರೆಯನ್ನು ಸೇರಿಸಿಯೇ ಕೊಡುತ್ತವೆ. ನಿಮ್ಮ ಪ್ಲಾನ್ ಅಂಥದ್ದಾಗಿದ್ದರೆ "00" ಒಂದನ್ನೇ ತಡೆದು ಬಿಡಿ.

ಇನ್ನೆರಡು ಮಾತು ಇದರ ಜೊತೆಗೇ. ಹೊರಗಿನ ಲೈನ್ ಹಿಡಿಯುವ ಅಂಕಿ ನಿಮ್ಮಲ್ಲಿ 9 ಆದರೆ ಮೊಬೈಲಿಗೆ 9, 0, ಸಂಖ್ಯೆ. ಲೈನ್ ಹಿಡಿಯೋದೇ 0 ಆಗಿದ್ದರೆ ಎರಡು ಸಲ 0 ಒತ್ತಬೇಕು, ಜನ ಒಂದೇ ಒತ್ತಿ "ಸಂಖ್ಯೆ ಪರಿಶೀಲಿಸಿ" ಅಂತ ಕೇಳಿಸಿಕೊಳ್ಳುತ್ತಾರೆ. ಮತ್ತೆ 001ರಲ್ಲಿರುವ ಸಿಸ್ಟಮ್ ಸ್ಪೀಡ್ ಡಯಲ್, 00ರಿಂದ 99ರ ತನಕ. 2021ಕ್ಕೆ ಮುಂಚೆ ತುಂಬಿದ ಮೊಬೈಲ್ ಸಂಖ್ಯೆಗಳಲ್ಲಿ ಆ ಸೊನ್ನೆ ಇರಲ್ಲ, ಒಂದೊಂದಾಗಿ ತಿದ್ದಬೇಕು. ತಡೆ ಪಟ್ಟಿ ಬದಲಾಯಿಸಿದ ಮೇಲೆ ಪ್ರತಿ ಕ್ಲಾಸಿನ ಒಂದು ಫೋನಿಂದ 112 ಮತ್ತು 108 ಹೋಗುವ ಹಾಗೆ ಇದೆಯಾ ಅಂತ ಪಟ್ಟಿ ಓದಿ ಖಚಿತ ಮಾಡಿಕೊಳ್ಳಿ. "1" ಅಂತ ಒಂದಂಕಿ ತಡೆ ಯಾರಾದರೂ ಹಾಕಿದ್ದರೆ ತೆಗೆಯಲೇಬೇಕು. ಬೆಂಕಿ ಬಿದ್ದ ದಿನ ಈ ಬೀಗ ಯಾರಿಗೂ ನೆನಪಿರಲ್ಲ.

ಸಂಜೆ ಮೇಲೆ ಮಾತ್ರ ಹೊರಕರೆ ಹೋಗದ ಫೋನ್ ಇದ್ದರೆ 602 ಜೊತೆ 406ನ್ನೂ ನೋಡಿ. ಯಾವ ಜಾಕ್ ಯಾವ ಲೈನ್ ಹಿಡಿಯಬಹುದು ಅನ್ನೋದು ಹಗಲಿಗೆ 405, ರಾತ್ರಿಗೆ 406, ಊಟದ ಹೊತ್ತಿಗೆ 407.

ಕೊನೆಗೆ ಲೈನ್ 2. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಒಳಗಿನವರು ಮಾತಾಡಿ ರಿಸೀವರ್ ಇಟ್ಟರೆ ಮಷೀನು ಲೈನ್ ಬಿಡುತ್ತೆ, ಅದರಲ್ಲಿ ಗೊಂದಲವಿಲ್ಲ. ಆದರೆ ಡಿಸಾ ಎತ್ತಿದ ಕರೆಯಲ್ಲಿ ಒಳಗೆ ರಿಸೀವರ್ ಇಡುವವರೇ ಇಲ್ಲ. ಹೊರಗಿನವರು ಸ್ವಾಗತ ಕೇಳುತ್ತಾ ಕರೆ ಕಡಿದರೆ ಅದು ಮಷೀನಿಗೆ ತಿಳಿಯಬೇಕಾದ್ದು ಎಕ್ಸ್‌ಚೇಂಜಿಂದ. ಮಷೀನು ನಿರೀಕ್ಷಿಸೋದು ಲೈನಿನ ಕರೆಂಟ್ ಒಂದು ಕ್ಷಣ ಕಡಿಯುವ ಸಿಪಿಸಿ ಸಂಕೇತ. ನಮ್ಮ ಕಡೆ ಸಾಮಾನ್ಯವಾಗಿ ಸಿಗೋದು ಬಿಜಿ ಟೋನ್: 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಅದನ್ನು ಕೇಳಿ ಲೈನ್ ಬಿಡುವ ಸೈಕ್ಲಿಕ್ ಟೋನ್ ಪತ್ತೆ ಡಿಸಾ ಸೆಟ್ಟಿಂಗಿನಲ್ಲಿ ಎನೇಬಲ್ ಆಗಿರಬೇಕು.

ಪರೀಕ್ಷೆ ಹೀಗೆ ಮಾಡಿ. ಲೈನ್ 2ರ ರೋಸೆಟ್‌ಗೆ ಒಂದು ಮಾಮೂಲಿ ಫೋನ್ ಪ್ಯಾರಲಲ್ ಹಾಕಿಡಿ. ಮೊಬೈಲಿಂದ ಕರೆ ಮಾಡಿ, ಸ್ವಾಗತ ಶುರುವಾದ ಮೇಲೆ ಕಟ್ ಮಾಡಿ. ಕೀ ಫೋನಿನಲ್ಲಿ ಲೈನ್ 2ರ ಕೆಂಪು ದೀಪ ನೋಡುತ್ತಿರಿ. ಸ್ವಲ್ಪ ಹೊತ್ತಲ್ಲಿ ಆರಿದರೆ ಸರಿ. ಆರದಿದ್ದರೆ ಪ್ಯಾರಲಲ್ ಫೋನ್ ಎತ್ತಿ ಕೇಳಿ. ಬಿಜಿ ಟೋನ್ ಬರುತ್ತಿದ್ದರೆ ತಪ್ಪು ನಿಮ್ಮ ಸೆಟ್ಟಿಂಗಿನದು. ಏನೂ ಸದ್ದಿಲ್ಲದಿದ್ದರೆ ಲೈನ್ ಕೊಟ್ಟವರಿಗೆ ಹೇಳಿ ಕರೆ ಕಡಿದಾಗ ಸಿಪಿಸಿ ಅಥವಾ ಬಿಜಿ ಟೋನ್ ಬರುವ ಹಾಗೆ ಮಾಡಿಸಿ. ಫೈಬರ್ ಲೈನ್ ಆಗಿದ್ದರೆ ಈ ಸಂಕೇತ ಕೊಡಬೇಕಾದ್ದು ಗೋಡೆಗೆ ಹಾಕಿರುವ ಒಎನ್‌ಟಿ ಡಬ್ಬಿ (ಫೈಬರ್ ಬಂದು ಸೇರುವ ಪೆಟ್ಟಿಗೆ), ದೂರು ಅದರ ಬಗ್ಗೆಯೇ ಬರೆಸಿ. ಸರಿಯಾಗುವ ತನಕ 414ರಲ್ಲಿ ಲೈನ್ 2ನ್ನು ನಾರ್ಮಲ್ ಮಾಡಿಟ್ಟರೆ ಲೈನ್ ಸಿಕ್ಕಿಕೊಳ್ಳಲ್ಲ. ಡಿಸಾ ಮೂಲಕ ಹೊರಗಿನಿಂದ ಬಂದವರು ಮತ್ತೆ ಹೊರಗಿನ ಲೈನ್ ಹಿಡಿಯುವ ಅನುಕೂಲ ನಿಮಗೆ ಬೇಡವಾದರೆ ಮುಚ್ಚಿಬಿಡಿ, ಬೇಕಾದರೆ ಸೆಕ್ಯುರಿಟಿ ಕೋಡ್ ಇಲ್ಲದೆ ತೆರೆಯಬೇಡಿ. ಗೊತ್ತಿಲ್ಲದವರು ನಿಮ್ಮ ಖರ್ಚಲ್ಲಿ ವಿದೇಶಕ್ಕೆ ಮಾತಾಡೋದು ಈ ಬಾಗಿಲಿಂದಲೇ.

ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ತಪ್ಪುತ್ತಿದ್ದರೆ ಬೋರ್ಡ್ ಮೇಲಿನ ಲಿಥಿಯಂ ಸೆಲ್ ಮುಗಿದಿದೆ, ಅದರ ಆಯಸ್ಸು 7 ವರ್ಷ ಅಂತ ಲೆಕ್ಕ. ಇವತ್ತು ಗಡಿಯಾರ, ನಾಳೆ ಇಡೀ ಪ್ರೋಗ್ರಾಮ್. ಮಷೀನು ಯುಪಿಎಸ್ ಮೇಲಿರಲಿ, ಮತ್ತು ಏನನ್ನಾದರೂ ಮುಟ್ಟುವ ಮೊದಲು ಯುಎಸ್‌ಬಿ ಕೇಬಲ್ ಹಾಕಿ ಮೇಂಟೆನೆನ್ಸ್ ಕನ್ಸೋಲ್ ಸಾಫ್ಟ್‌ವೇರಿಂದ ಡೇಟಾ ಒಂದು ಪ್ರತಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಮೂರು ಹಾಳೆ ತುಂಬಿದ ಮೇಲೆ ಫೋಟೋ ಇಲ್ಲೇ ಹಾಕಿ ಸರ್. ಜೊತೆಗೆ 414, 415ರಲ್ಲಿ ಮೂರೂ ಲೈನಿನ ಮೋಡ್, ಲೆಕ್ಕಪತ್ರದ ಎರಡು ಜಾಕಿನ 601, ಮತ್ತು 302, 303ರಲ್ಲಿ ಇರುವ ಕೋಡುಗಳನ್ನು ಬರೆಯಿರಿ. ಪಾಸ್‌ವರ್ಡ್ ಮಾತ್ರ ಗುಂಪಿನಲ್ಲಿ ಹಾಕಬೇಡಿ.